ಮುಂದಿನ ಪುಟ ಎಲ್ಲಿ ಅಂತ ಕೇಳುವವರು

(ಕಿರಿಯ ಬರಹಗಾರರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ವಿಷಯ ಬಿಟ್ಟು ಆಚೆ ಹೋದದ್ದನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ಬರಹಗಾರರ ಯೋಜನೆಗಳು, ಕಮ್ಮಟಗಳು, ರೆಸಿಡೆನ್ಸಿಗಳು, ಅಂದರೆ ಬರಹಗಾರರು ಕೆಲವು ಕಾಲ ಉಳಿದು ಬರೆಯಲಿ ಅಂತ ಇರುವ ಜಾಗಗಳು. ರೆಸಿಡೆನ್ಸಿ ಅಂದಾಗ ನಿಮ್ಮಲ್ಲಿ ಕೆಲವರು ನೆಟ್ಟಗೆ ಕೂತಿದ್ದು ನೋಡಿದೆ. ಬೆಟ್ಟದ ಮೇಲೊಂದು ಮನೆ, ಕಿಟಕಿ ಪಕ್ಕ ಮೇಜು, ಹೊತ್ತಿಗೆ ಸರಿಯಾಗಿ ಊಟ, ಯಾರದ್ದೂ ಫೋನ್ ಇಲ್ಲ. ಅದಕ್ಕೆ ಖಂಡಿತ ಬರುತ್ತೇನೆ. ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಸಾಹಿತ್ಯದ ಸಭೆಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ, ಆಮೇಲೆ ಕಾಫಿ ಕುಡಿಯುವಾಗ ಎಲ್ಲರೂ ಅದನ್ನೇ ಮಾತಾಡುತ್ತಾರೆ.

ಕನ್ನಡದಲ್ಲಿ ಒಂದು ಕಥಾಸಂಕಲನ ಸಾವಿರ ಪ್ರತಿ ಅಚ್ಚಾದರೆ ಅದು ಒಳ್ಳೆಯ ಸುದ್ದಿ. ಬೆಲೆ 200 ರೂಪಾಯಿ, ಗೌರವಧನ ಶೇಕಡ 10 ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ ಸಾವಿರವೂ ಖರ್ಚಾದರೆ ಲೇಖಕನಿಗೆ 20,000 ರೂಪಾಯಿ. ಖರ್ಚಾಗಲು ಎರಡು ವರ್ಷ ಹಿಡಿಯಬಹುದು. ಬರೆಯಲು ಮೂರು ವರ್ಷ ಹಿಡಿದಿರಬಹುದು. ಲೆಕ್ಕ ನೀವೇ ಹಾಕಿ.

ಹಾಗಾಗಿಯೇ ನಮ್ಮ ದೊಡ್ಡ ಲೇಖಕರೆಲ್ಲ ಏನಾದರೊಂದು ಕೆಲಸ ಮಾಡಿಕೊಂಡೇ ಬರೆದರು. ಯಶವಂತ ಚಿತ್ತಾಲರು ಮುಂಬೈಯ ಕಂಪನಿಯೊಂದರಲ್ಲಿ ಎಂಜಿನಿಯರ್. ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಕಡತಗಳ ನಡುವೆ ಇದ್ದವರು. ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟ. ಮೇಷ್ಟ್ರುಗಳನ್ನಂತೂ ಎಣಿಸುವುದೇ ಬೇಡ. ಬಾನು ಮುಷ್ತಾಕ್ ಅವರು ಹಾಸನದಲ್ಲಿ ವಕೀಲಿ ಮಾಡಿದವರು, ಅದಕ್ಕೂ ಮೊದಲು ಲಂಕೇಶ್ ಪತ್ರಿಕೆಗೆ ವರದಿ ಬರೆದವರು. 2025ರ ಮೇ ತಿಂಗಳಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಆ ಪುಸ್ತಕದ 12 ಕಥೆಗಳು ಮೂವತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ಬರೆದವು. ಕೋರ್ಟು, ಮನೆ, ಚಳವಳಿ, ಇವುಗಳ ನಡುವಿನ ಬಿಡುವಿನಲ್ಲಿ. ಬಹುಮಾನದ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಆ ಸುದ್ದಿ ಬಂದ ಮೇಲೆ ನನಗೆ ಬಂದ ಫೋನುಗಳಲ್ಲಿ ಜಾಸ್ತಿ ಜನ ಕೇಳಿದ್ದು, 'ಅನುವಾದಕರು ಎಲ್ಲಿ ಸಿಗ್ತಾರೆ?' ಅಂತ. ಮೂವತ್ತು ವರ್ಷದ ಬಗ್ಗೆ ಯಾರೂ ಕೇಳಲಿಲ್ಲ.

ನನ್ನ ಕಥೆಯೂ ಬೇರೆಯಲ್ಲ. ಅನುವಾದ ಮಾಡುತ್ತೇನೆ, ಬೇರೆಯವರ ಹಸ್ತಪ್ರತಿ ತಿದ್ದಿಕೊಡುತ್ತೇನೆ, ರಜೆ ದಿನಗಳಲ್ಲಿ ಕಮ್ಮಟ ನಡೆಸುತ್ತೇನೆ. ಉಳಿದ ಬೆಳಗುಗಳಲ್ಲಿ ಕಾದಂಬರಿ. ಇದೆಲ್ಲ ಸೇರಿ 'ಬರಹಗಾರ' ಅನ್ನೋ ಕಸುಬು.

ಈ ಕಸುಬಿಗೆ ಹೊತ್ತು ಬೇಕು, ಏಕಾಂತ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ನನಗೆ ಅನ್ನಿಸುವುದು ಬೇರೆ. ಹೊತ್ತು, ಏಕಾಂತ ಎರಡಕ್ಕಿಂತ ಮೊದಲು ಬೇಕಾದವರು ಕೇಳುವವರು. 'ಎಲ್ಲಿಗೆ ಬಂತು? ಮುಂದಿನ ಪುಟ ಎಲ್ಲಿ?' ಅಂತ ಕೇಳುವ ಒಬ್ಬರು. ಒಳ್ಳೆಯ ರೆಸಿಡೆನ್ಸಿ, ಒಳ್ಳೆಯ ಕಮ್ಮಟ, ಒಳ್ಳೆಯ ಪ್ರಕಾಶಕ, ಮೂರೂ ಮಾಡುವುದು ಆ ಕೆಲಸವನ್ನೇ.

ಇದಕ್ಕೆ ಗಿರೀಶ ಕಾರ್ನಾಡರನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಫೆಲೋಶಿಪ್ಪು, ವಿಶ್ವವಿದ್ಯಾಲಯದ ಅತಿಥಿ ನಾಟಕಕಾರ, ವಿದೇಶಿ ರಂಗಮಂದಿರದ ಬೇಡಿಕೆ, ರೇಡಿಯೊದ ಬೇಡಿಕೆ, ಇಷ್ಟನ್ನೂ ಕಂಡ ಕನ್ನಡ ಲೇಖಕರು ಕಮ್ಮಿ. ಜೊತೆಗೆ, ಯಾವ ನಾಟಕ ಹೇಗೆ ಹುಟ್ಟಿತು ಅಂತ ಅವರೇ ಬೇಕಾದಷ್ಟು ಹೇಳಿದ್ದಾರೆ, ಬರೆದಿದ್ದಾರೆ.

ಮೊದಲ ನಾಟಕ 'ಯಯಾತಿ'ಯನ್ನು ಯಾರೂ ಕೇಳಿರಲಿಲ್ಲ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟಿದ್ದ ಹುಡುಗ. ಇಂಗ್ಲಿಷಿನಲ್ಲಿ ಕವಿತೆ ಬರೆದು ಹೆಸರು ಮಾಡಬೇಕು ಅಂತ ಆಸೆ. ಹೊರಡುವ ಹೊತ್ತಿನ ತಳಮಳದಲ್ಲಿ ಬಂದದ್ದು ನಾಟಕ, ಅದೂ ಕನ್ನಡದಲ್ಲಿ. 1961ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ.

ಗ್ರಂಥಮಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ವರ್ಷಕ್ಕೆ ಇಂತಿಷ್ಟು ಪುಸ್ತಕ ಮನೆಗೆ ಬರುತ್ತವೆ. ಅಂದರೆ ಓದುಗರು ಸಿದ್ಧ, ಪುಸ್ತಕ ಬೇಕು. ಹಾಗಾಗಿ ಜೋಶಿಯವರಿಗೆ ಲೇಖಕರನ್ನು ಹುಡುಕುವುದು, ಕೂರಿಸಿ ಬರೆಸುವುದು ನಿತ್ಯದ ಕೆಲಸವಾಯಿತು. ಸುಭಾಷ್ ರಸ್ತೆಯ ಅವರ ಕಚೇರಿಗೆ 'ಅಟ್ಟ' ಅಂತಲೇ ಹೆಸರು. ಬೇಂದ್ರೆ ಬರುತ್ತಿದ್ದರು, ಕೀರ್ತಿನಾಥ ಕುರ್ತಕೋಟಿ ಇರುತ್ತಿದ್ದರು. ಊಟ, ವಸತಿ, ಸ್ಟೈಪೆಂಡು ಏನೂ ಇಲ್ಲ. ಆದರೆ ಹಸ್ತಪ್ರತಿಯನ್ನು ಓದಿ 'ಇಲ್ಲಿ ಬಿದ್ದಿದೆ' ಅಂತ ಹೇಳುವವರಿದ್ದರು. ಕರ್ನಾಟಕದಲ್ಲಿ ನಡೆದ ಅತ್ಯಂತ ಒಳ್ಳೆಯ ರೆಸಿಡೆನ್ಸಿ ಅದು ಅಂತ ನನ್ನ ಲೆಕ್ಕ. ಒಂದೇ ಕೊರತೆ, ಮೆಟ್ಟಿಲು ಹತ್ತಿ ಕೂತವರಲ್ಲಿ ಹೆಂಗಸರು ತೀರಾ ಕಮ್ಮಿ. ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕ ಇಲ್ಲ ಅಂತ ಕುರ್ತಕೋಟಿಯವರು ಹೇಳಿದ್ದೇ ಕಾರ್ನಾಡರು ಇತಿಹಾಸ ಓದಲು ಕೂರುವುದಕ್ಕೆ ಕಾರಣ. ಅದರಿಂದ ಬಂದದ್ದು 1964ರ 'ತುಘಲಕ್'. ಒಬ್ಬ ವಿಮರ್ಶಕನ ಒಂದು ದೂರಿನಿಂದ ಹುಟ್ಟಿದ ನಾಟಕ ಭಾರತದ ಎಷ್ಟೊಂದು ಭಾಷೆಗಳಲ್ಲಿ ರಂಗಕ್ಕೆ ಬಂತು ನೋಡಿ. ಈಗಿನ ವಿಮರ್ಶಕರು ದೂರುವುದಿಲ್ಲ, ಬೆನ್ನುಡಿ ಬರೆಯುತ್ತಾರೆ. ಇರಲಿ.

1963ರಿಂದ ಅವರು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದರು. 1970ರಲ್ಲಿ ಅದನ್ನು ಬಿಟ್ಟರು. ಹೋಮಿ ಭಾಭಾ ಫೆಲೋಶಿಪ್ ಸಿಕ್ಕಿತ್ತು, 1970ರಿಂದ 72ರವರೆಗೆ. ಆ ಅವಧಿಯಲ್ಲಿ ಬಂದ ನಾಟಕ 'ಹಯವದನ'. ಫೆಲೋಶಿಪ್ ಹಣದಿಂದ ನಾಟಕ ಬಂತು ಅಂತ ನೀವು ಅಂದುಕೊಳ್ಳಬಹುದು. ಹಣದಿಂದ ಹೊತ್ತು ಸಿಕ್ಕಿತು, ಅದು ನಿಜ. ಆದರೆ ತಲೆ ಅದಲುಬದಲಾಗುವ ಆ ಕಥೆಯನ್ನು ಕಾರ್ನಾಡರು ಬಿ.ವಿ. ಕಾರಂತರಿಗೆ ಹೇಳಿದ್ದು ಸಿನಿಮಾ ಮಾಡಬಹುದು ಅಂತ. ಇದು ನಾಟಕ ಆಗಬೇಕು ಅಂದವರು ಕಾರಂತರು. ಯಕ್ಷಗಾನ, ಮುಖವಾಡ, ಅರ್ಧಪಟ, ಹಾಡು, ಇವೆಲ್ಲ ಕಣ್ಣ ಮುಂದೆ ಬಂದದ್ದು ಆ ಮಾತಿನಿಂದ. ಆ ಮಾತು ಬೀಳದೆ ಹೋಗಿದ್ದರೆ ಫೆಲೋಶಿಪ್ ಅವಧಿ ಯಾವುದೋ ಚಿತ್ರಕಥೆಯಲ್ಲಿ ಮುಗಿಯುತ್ತಿತ್ತೋ ಏನೋ.

ಆಮೇಲೆ ಶಿಕಾಗೋ. 1987-88ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅವರು ಫುಲ್‌ಬ್ರೈಟ್ ಅತಿಥಿ ನಾಟಕಕಾರ. ಶಿಕಾಗೋ ಅಂದರೆ ಎ.ಕೆ. ರಾಮಾನುಜನ್ ಇದ್ದ ಊರು. ರಾಮಾನುಜನ್ ಕನ್ನಡ ಜನಪದ ಕಥೆಗಳನ್ನು ಕೂಡಿಟ್ಟುಕೊಂಡವರು, ಅವನ್ನು ಎದುರಿಗೆ ಕೂತವರಿಗೆ ಹೇಳುವುದರಲ್ಲಿ ಖುಷಿ ಕಂಡವರು. ಅವರಿಂದ ಕೇಳಿದ ಎರಡು ಕಥೆ ಸೇರಿಸಿ 'ನಾಗಮಂಡಲ' ಆಯಿತು. ಒಂದು ಹೆಂಡತಿ ಮತ್ತು ಹಾವಿನ ಕಥೆ. ಇನ್ನೊಂದು, ತನಗೆ ಗೊತ್ತಿದ್ದ ಕಥೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನದು. ರಾತ್ರಿ ದೀಪಗಳು ಗುಡಿಯಲ್ಲಿ ಸೇರಿ ಮನೆಮನೆಯ ಸುದ್ದಿ ಆಡಿಕೊಳ್ಳುವುದು ಅದರಲ್ಲಿದೆ. ನಾಟಕ ಮೊದಲು ರಂಗ ಕಂಡಿದ್ದು ಅಲ್ಲೇ, ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ, ವಿದ್ಯಾರ್ಥಿಗಳಿಂದ, ಇಂಗ್ಲಿಷಿನಲ್ಲಿ.

ಅತಿಥಿ ಲೇಖಕನಾಗಿ ಹೋಗುವವರು ಇಲ್ಲಿ ಗಮನಿಸಬೇಕಾದ್ದಿದೆ. ಅವರಿಗೆ ಅಲ್ಲಿ ಸಿಕ್ಕಿದ್ದು ಬರೀ ಕೋಣೆಯಲ್ಲ. ಕಥೆ ಹೇಳುವ ಹಿರಿಯ ಗೆಳೆಯ ಸಿಕ್ಕ. ನಟರು ಸಿಕ್ಕರು. ಇಂಥ ದಿನ ನಾಟಕ ಆಗಬೇಕು ಅನ್ನೋ ಒತ್ತಡ ಸಿಕ್ಕಿತು. ಈ ಮೂರರಲ್ಲಿ ಒಂದೂ ಇಲ್ಲದ ಕಡೆ ನಾಲ್ಕು ತಿಂಗಳು ಇದ್ದು ಬಂದು, 'ಮನಸ್ಸು ಹಗುರಾಯ್ತು' ಅಂತ ಹೇಳುವ ಗೆಳೆಯರು ನನಗಿದ್ದಾರೆ. ಮನಸ್ಸು ಹಗುರಾಗಲು ಅಷ್ಟು ದೂರ ಹೋಗಬೇಕಾಗಿಲ್ಲ, ಅಲ್ವಾ?

ನಾಗಮಂಡಲವನ್ನು ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರ್ 1993ರಲ್ಲಿ ಆಡಿತು. ಆಮೇಲೆ ಅವರೇ ಇನ್ನೊಂದು ನಾಟಕ ಬರೆದುಕೊಡಿ ಅಂತ ಕೇಳಿದರು. ಅದು 'ಅಗ್ನಿ ಮತ್ತು ಮಳೆ'. ಮಹಾಭಾರತದ ವನಪರ್ವದಲ್ಲಿ ಬರುವ ಯವಕ್ರೀತನ ಕಥೆ ಅದರ ಮೂಲ. ಆ ಕಥೆಯನ್ನು ಕಾರ್ನಾಡರು ಹರೆಯದಲ್ಲೇ, ರಾಜಾಜಿಯವರ ಸಂಕ್ಷಿಪ್ತ ಮಹಾಭಾರತದಲ್ಲಿ ಓದಿದ್ದರು. ದಶಕಗಳ ಕಾಲ ಅದು ತಲೆಯಲ್ಲೇ ಇತ್ತು. ಹೊರಗೆ ತಂದಿದ್ದು ಒಂದು ರಂಗಮಂದಿರದ ಕೋರಿಕೆ. ಬರೆದ ಮೇಲೆ ವೃತ್ತಿಪರ ನಟರನ್ನು ಕೂರಿಸಿಕೊಂಡು ಅಲ್ಲಿ ಕಮ್ಮಟವನ್ನೂ ಮಾಡಿದರು. ಗಮನಿಸಿ, ಪ್ರದರ್ಶನಕ್ಕಲ್ಲ, ನಾಟಕವನ್ನು ಪರೀಕ್ಷೆ ಮಾಡಲು. ನಟರು ಓದುತ್ತಾರೆ, ಲೇಖಕ ಕೇಳುತ್ತಾನೆ, ಎಲ್ಲಿ ಮಾತು ನಾಲಿಗೆಗೆ ತೊಡಕಾಗುತ್ತದೆ, ಎಲ್ಲಿ ದೃಶ್ಯ ಉದ್ದವಾಗುತ್ತದೆ ಅಂತ ಗುರುತು ಹಾಕಿಕೊಳ್ಳುತ್ತಾನೆ. ಇಂಥದ್ದು ನಮ್ಮಲ್ಲಿ ಕಥೆಗೂ ಇಲ್ಲ, ಕಾದಂಬರಿಗೂ ಇಲ್ಲ. ನಾವು ಬರೆದದ್ದನ್ನು ಮೊದಲ ಸಲ ಬೇರೆಯವರು ಓದುವುದು ಬಿಡುಗಡೆಯ ಹಿಂದಿನ ರಾತ್ರಿ. ಪುಸ್ತಕ ಪರಿಚಯ ಮಾಡಬೇಕಾದ ಅತಿಥಿಗಳು!

ಬಿಬಿಸಿ ರೇಡಿಯೊ ಭಾರತದ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಒಂದು ನಾಟಕ ಕೇಳಿತು. ಕಾರ್ನಾಡರು ಕೊಟ್ಟಿದ್ದು ಟಿಪ್ಪುವಿನ ಕನಸುಗಳ ನಾಟಕ. ಟಿಪ್ಪು ತನ್ನ ಕನಸುಗಳನ್ನು ಪರ್ಷಿಯನ್ನಿನಲ್ಲಿ ಬರೆದಿಟ್ಟಿದ್ದ ಅಂತ ಅವರ ಗಮನಕ್ಕೆ ತಂದವರು ಯಾರು? ಮತ್ತೆ ರಾಮಾನುಜನ್. ರಾಮಾನುಜನ್ 1993ರಲ್ಲೇ ತೀರಿಕೊಂಡಿದ್ದರು. ಮಾತು ಉಳಿದಿತ್ತು, ಬೇಡಿಕೆ ಆಮೇಲೆ ಬಂತು.

ನನ್ನ ವಾದಕ್ಕೆ ಒಗ್ಗದ ನಾಟಕವೂ ಇದೆ, ಅದನ್ನು ಬಚ್ಚಿಡುವುದಿಲ್ಲ. 'ತಲೆದಂಡ'ವನ್ನು ಯಾವ ಫೆಲೋಶಿಪ್ಪೂ ಕೇಳಲಿಲ್ಲ. ಮಂಡಲ್ ವರದಿ, ಮಂದಿರ, ಆ ದಿನಗಳ ಬೀದಿಯ ಬಿಸಿ ಅದನ್ನು ಬರೆಸಿತು. ಕೆಲವನ್ನು ಕಾಲವೇ ಕೇಳುತ್ತದೆ.

ಅನಂತಮೂರ್ತಿಯವರದ್ದು ಇನ್ನೂ ಸ್ವಾರಸ್ಯ. ಅವರು ಬರ್ಮಿಂಗ್‌ಹ್ಯಾಮಿಗೆ ಹೋದದ್ದು ಪಿಎಚ್.ಡಿ. ಮಾಡಲು. ದುಡ್ಡು ಕೊಟ್ಟವರು ಕೇಳಿದ್ದು 1930ರ ದಶಕದ ಇಂಗ್ಲಿಷ್ ಸಾಹಿತ್ಯ ಮತ್ತು ರಾಜಕೀಯದ ಮೇಲೊಂದು ಪ್ರಬಂಧ. ಅವರು ಅದನ್ನೂ ಬರೆದರು, ಜೊತೆಗೆ 'ಸಂಸ್ಕಾರ'ವನ್ನೂ ಬರೆದರು. ತಮ್ಮ ಮೇಷ್ಟ್ರು ಮಾಲ್ಕಮ್ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿ, ಮಧ್ಯಯುಗದ ಊರಿನಲ್ಲಿ ಪ್ಲೇಗು ಹರಡಿದ್ದನ್ನು ಕಂಡು, ತನ್ನ ಅಗ್ರಹಾರ ನೆನಪಾಯಿತು ಅಂತ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿವೇತನ ಒಂದು ಕೆಲಸಕ್ಕೆ, ಹುಟ್ಟಿದ್ದು ಎರಡು. ಕೊಟ್ಟವರಿಗೆ ಲುಕ್ಸಾನು ಆಗಲಿಲ್ಲ ಬಿಡಿ.

ಕನ್ನಡದಲ್ಲಿ 'ಕೇಳುವ' ಕೆಲಸವನ್ನು ಬಹಳ ವರ್ಷ ಮಾಡಿದ್ದು ವಾರಪತ್ರಿಕೆ, ಮಾಸಪತ್ರಿಕೆಗಳು. 'ಸುಧಾ' 1965ರಲ್ಲಿ ಬಂತು, 'ಮಯೂರ' 1968ರಲ್ಲಿ. ಧಾರಾವಾಹಿ ಬರೆಯುವವರಿಗೆ ವಾರ ವಾರ ಕಂತು ಕೊಡದೆ ವಿಧಿಯಿಲ್ಲ. ಇನ್ನು ದೀಪಾವಳಿ ವಿಶೇಷಾಂಕ. ಕಥಾಸ್ಪರ್ಧೆಯ ಕೊನೆಯ ದಿನಾಂಕ ಮಳೆಗಾಲದಲ್ಲಿ ಎಲ್ಲೋ ಬರುತ್ತದೆ. ಕನ್ನಡದ ಎಷ್ಟು ಒಳ್ಳೆಯ ಕಥೆಗಳು ಆ ದಿನಾಂಕದ ಹಿಂದಿನ ರಾತ್ರಿ ಮುಗಿದಿವೆಯೋ! ನಮ್ಮ ಕಥೆಗಾರರನ್ನು ಬೆಳೆಸಿದ್ದು ಅಕಾಡೆಮಿಗಳಿಗಿಂತ ಜಾಸ್ತಿ ಆ ದಿನಾಂಕ. ಈಗ ಕಥೆ ಹಾಕುವ ಪತ್ರಿಕೆಗಳು ಕಮ್ಮಿಯಾಗಿವೆ. ಹಾಗಾಗಿ ಕಮ್ಮಟ, ರೆಸಿಡೆನ್ಸಿ ಅಂತ ನಾವು ಮಾತಾಡುತ್ತಿದ್ದೇವೆ.

ಕಮ್ಮಟದ ಮಾತಿಗೆ ಬರೋಣ.

ನಾನು ಹೋದ ಒಂದು ಕಥಾಕಮ್ಮಟ ಬೆಳಿಗ್ಗೆ ಹತ್ತಕ್ಕೆ ಅಂತ. ಹನ್ನೊಂದಕ್ಕೆ ದೀಪ ಬೆಳಗಿದರು. ಆಮೇಲೆ ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿ, ಅಧ್ಯಕ್ಷರು. ಪ್ರತಿಯೊಬ್ಬರಿಗೂ ಶಾಲು, ಹಣ್ಣಿನ ಬುಟ್ಟಿ. ವಂದನಾರ್ಪಣೆ ಮುಗಿಯುವಾಗ ಊಟದ ಗಂಟೆ. ಮಧ್ಯಾಹ್ನ 'ಕಥೆ ಎಂದರೇನು' ಅಂತ ಒಂದೂವರೆ ಗಂಟೆ ಭಾಷಣ. ನಾಲ್ಕು ಗಂಟೆಗೆ ಮಕ್ಕಳ ಕೈಗೆ ಪೆನ್ನು ಬಂತು, ಐದಕ್ಕೆ ಬಸ್ಸು. ಪ್ರಮಾಣಪತ್ರ ಮಾತ್ರ ಚೆನ್ನಾಗಿತ್ತು. ಸಂಘಟಕರ ತಪ್ಪು ಅಂತ ಪೂರಾ ಹೇಳಲಾರೆ. ಅನುದಾನ ಬರಬೇಕಾದರೆ ವೇದಿಕೆಯ ಫೋಟೊ ಬೇಕು. ಮಕ್ಕಳು ತಲೆತಗ್ಗಿಸಿ ಬರೆಯುತ್ತಾ ಕೂತ ಫೋಟೊದಲ್ಲಿ ಅತಿಥಿಗಳು ಕಾಣುವುದಿಲ್ಲವಲ್ಲ.

ಈಗ ನಾನು ಒಪ್ಪಿಕೊಳ್ಳುವಾಗಲೇ ಹೇಳುತ್ತೇನೆ: ಉದ್ಘಾಟನೆ ಬೇಡ, ಇಪ್ಪತ್ತಕ್ಕಿಂತ ಜಾಸ್ತಿ ಜನ ಬೇಡ, ಕುರ್ಚಿ ದುಂಡಗೆ ಹಾಕಿ. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಓದುವುದು. ಗಟ್ಟಿಯಾಗಿ ಓದಬೇಕು. ಸುಮ್ನೆ ಕಣ್ಣಲ್ಲಿ ಓದಿದಾಗ ದಾಟಿಹೋಗುವ ಸುಳ್ಳು ಮಾತುಗಳು ಗಟ್ಟಿಯಾಗಿ ಓದಿದಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ ಬರಹದ ಕಮ್ಮಟವನ್ನೇ ಪದವಿ ಓದಾಗಿ ನಡೆಸುತ್ತಿದ್ದಾರೆ. ಅಲ್ಲಿಂದ ಹರಡಿದ ಒಂದು ರೂಢಿ ಇದೆ. ನಿಮ್ಮ ಕಥೆ ಚರ್ಚೆಗೆ ಬಂದಾಗ ನೀವು ಬಾಯಿ ಬಿಡುವ ಹಾಗಿಲ್ಲ. ಬೇರೆಯವರು ಮಾತಾಡುತ್ತಾರೆ, ನೀವು ಬರೆದುಕೊಳ್ಳಬೇಕು. ನಮ್ಮಲ್ಲಿ ಇದಕ್ಕೆ ಉಲ್ಟಾ. ಕಥೆ ಎರಡು ಪುಟ, ಅದರ ಹಿಂದಿನ ಉದ್ದೇಶದ ವಿವರಣೆ ಇಪ್ಪತ್ತು ನಿಮಿಷ. ಈ ಬಾಯಿಮುಚ್ಚುವ ನಿಯಮ ಒಳ್ಳೆಯದಲ್ಲ, ಗುಂಪಿನ ರುಚಿಗೆ ಹೊರಗಿನವನೊಬ್ಬ ತಲೆಬಾಗಬೇಕಾಗುತ್ತದೆ ಅಂತ ಅಲ್ಲೇ ಈಚೆಗೆ ಆಕ್ಷೇಪ ಬಂದಿದೆ. ಅದರಲ್ಲಿ ಹುರುಳಿದೆ. ಕೋಲಾರದ ಹುಡುಗನ ಕಥೆಯಲ್ಲಿ ಬರುವ ತೆಲುಗು ಬೆರೆತ ಮಾತನ್ನು ಮಂಗಳೂರಿನವರು 'ಶುದ್ಧ ಮಾಡಿ' ಅಂದರೆ ಅವನು ಸುಮ್ಮನೆ ಕೂರಬೇಕಾ? ನಾನು ಅರ್ಧ ನಿಯಮ ಇಟ್ಟುಕೊಂಡಿದ್ದೇನೆ. ಮೊದಲ ಸುತ್ತು ಲೇಖಕ ಮೌನ. ಎರಡನೇ ಸುತ್ತಿನಲ್ಲಿ ಅವನು ಪ್ರಶ್ನೆ ಕೇಳಬಹುದು, ಸಮರ್ಥನೆ ಮಾತ್ರ ಕೂಡದು.

ಇನ್ನೊಂದು ನಿಯಮ ಅನುಭವದಿಂದ ಬಂದದ್ದು. ನನ್ನ ಕಮ್ಮಟದ ಕಥೆಗಳಲ್ಲಿ ಯಾರೂ ಸಾಯುವ ಹಾಗಿಲ್ಲ. ನಗಬೇಡಿ. ಕಾಲೇಜು ಹುಡುಗರ ಕಥೆಗಳಲ್ಲಿ ಸಾವಿನ ಪ್ರಮಾಣ ಭಯ ಹುಟ್ಟಿಸುತ್ತದೆ. ನಾಯಕಿಗೆ ಕ್ಯಾನ್ಸರ್, ನಾಯಕ ಬೈಕಿನಿಂದ ಬಿದ್ದ, ಅಜ್ಜಿಯಂತೂ ಮೊದಲ ಪುಟ ದಾಟುವುದಿಲ್ಲ. ಸಾವನ್ನು ತೆಗೆದುಬಿಟ್ಟರೆ ಅವರು ಪಾತ್ರಗಳನ್ನು ಮುಂದಿನ ದಿನಕ್ಕೆ ಕರೆದುಕೊಂಡು ಹೋಗಲೇಬೇಕು. ಜಗಳ ಆದ ಮೇಲೆ ಗಂಡ ಹೆಂಡತಿ ಬೆಳಿಗ್ಗೆ ಏನು ಮಾತಾಡಿದರು? ಹಾಲು ತಂದವರು ಯಾರು? ಕಥೆ ಅಲ್ಲಿ ಶುರುವಾಗುತ್ತದೆ.

ಕಮ್ಮಟ ಅಂದಾಗ ಹೆಗ್ಗೋಡನ್ನು ನೆನೆಯದೆ ಮುಂದೆ ಹೋಗಲಾಗದು. ಸಾಗರ ತಾಲೂಕಿನ ಆ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂತು. ಅಕ್ಟೋಬರ್ ಹೊತ್ತಿಗೆ ನಡೆಯುವ ಸಂಸ್ಕೃತಿ ಶಿಬಿರಕ್ಕೆ ನಿಮ್ಮಲ್ಲಿ ಕೆಲವರು ಹೋಗಿರುತ್ತೀರಿ. ಹಗಲು ಉಪನ್ಯಾಸ, ಚರ್ಚೆ, ಸಂಜೆ ನಾಟಕ, ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತವರು ಕೃಷಿಕರೋ ಪ್ರಾಧ್ಯಾಪಕರೋ ಗೊತ್ತಾಗುವುದಿಲ್ಲ. ಆದರೆ ಬರಹಗಾರರ ದೃಷ್ಟಿಯಿಂದ ಶಿಬಿರಕ್ಕಿಂತ ತಿರುಗಾಟ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಒಂದು ತಂಡ ಪ್ರತಿ ವರ್ಷ ಹೊಸ ನಾಟಕ ಕಟ್ಟಿಕೊಂಡು ಊರೂರು ಸುತ್ತಬೇಕು. ಅಂದರೆ ಪ್ರತಿ ವರ್ಷ ಹಸ್ತಪ್ರತಿ ಬೇಕು. ಶೇಕ್ಸ್‌ಪಿಯರ್, ಬ್ರೆಕ್ಟ್ ಹಳ್ಳಿ ರಂಗಕ್ಕೆ ಒಗ್ಗುವ ಕನ್ನಡದಲ್ಲಿ ಮತ್ತೆ ಮತ್ತೆ ಬಂದದ್ದು ಆ ಬೇಡಿಕೆಯಿಂದ. ಇಲ್ಲೂ ಕೇಳುವವರಿದ್ದರು.

ಸರಿ, ರೆಸಿಡೆನ್ಸಿ.

ಈ ವ್ಯವಸ್ಥೆಯಲ್ಲಿ ಹಳೆಯದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಮ್ಯಾಕ್‌ಡೊವೆಲ್. ಸಂಗೀತಗಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಹೆಂಡತಿ ಮರಿಯನ್ 1907ರಲ್ಲಿ ತಮ್ಮ ತೋಟದಲ್ಲಿ ಕಟ್ಟಿದ್ದು. ಕಾಡಿನ ನಡುವೆ ಬಿಡಿಬಿಡಿ ಗುಡಿಸಲಿನಂಥ ಸ್ಟುಡಿಯೊಗಳು. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಹೊರಗೆ ಇಟ್ಟು ಹೋಗುತ್ತಾರೆ, ಬಾಗಿಲು ತಟ್ಟುವುದಿಲ್ಲ. ಇದ್ದು ಹೋದವರು ಗೋಡೆಯ ಮರದ ಹಲಗೆ ಮೇಲೆ ಹೆಸರು ಬರೆದು ಹೋಗಬೇಕು. ಹಿಂದಿನವರ ಹೆಸರು ನೋಡುತ್ತಾ ಕೂತರೆ ಬರೆಯುವುದು ಹೇಗೋ, ನನಗಂತೂ ಆಗಲಿಕ್ಕಿಲ್ಲ.

ಅಯೋವಾದಲ್ಲೇ ಬೇರೆ ಬೇರೆ ದೇಶಗಳ ಲೇಖಕರನ್ನು ಸೇರಿಸುವ ಇನ್ನೊಂದು ಕಾರ್ಯಕ್ರಮ 1967ರಲ್ಲಿ ಶುರುವಾಯಿತು. ಪಾಲ್ ಎಂಗಲ್ ಮತ್ತು ಚೀನೀ ಲೇಖಕಿ ಹುವಾಲಿಂಗ್ ನಿಯೇ ಕಟ್ಟಿದ್ದು. 2016ರಲ್ಲಿ ನಮ್ಮ ವಿವೇಕ ಶಾನಭಾಗರು ಅಲ್ಲಿ ಇದ್ದು ಬಂದರು. ಜರ್ಮನಿಯ ಸ್ಟ್ರಾಲೆನ್ ಅನ್ನೋ ಪುಟ್ಟ ಊರಿನಲ್ಲಿ ಅನುವಾದಕರಿಗಾಗಿಯೇ ಒಂದು ಮನೆ ಇದೆ, 1978ರದು. ಲಕ್ಷಕ್ಕೂ ಹೆಚ್ಚು ಪುಸ್ತಕ, ಅದರಲ್ಲಿ ನಿಘಂಟುಗಳೇ ರಾಶಿ ರಾಶಿ. ಅನುವಾದಕನ ಸ್ವರ್ಗ ಅಂದರೆ ಅದೇ.

ನಮ್ಮ ಹತ್ತಿರದ್ದು ಸಂಗಮ್ ಹೌಸ್. ಅರ್ಷಿಯಾ ಸತ್ತಾರ್ ಮತ್ತು ಡಿ.ಡಬ್ಲ್ಯು. ಗಿಬ್ಸನ್ 2008ರಲ್ಲಿ ಶುರು ಮಾಡಿದ್ದು. ಹಲವು ವರ್ಷ ಬೆಂಗಳೂರಿನ ಹೊರಗೆ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ನಡೆಯಿತು. ಒಡಿಸ್ಸಿ ಕಲಿಯುವ ಹುಡುಗಿಯರ ಗೆಜ್ಜೆ ಸದ್ದಿನ ಪಕ್ಕದಲ್ಲಿ ಬರೆಯುವುದು. ಭಾರತದ ಭಾಷೆಗಳ ಲೇಖಕರನ್ನು ಅವರು ಬೇಕು ಅಂತಲೇ ಕರೆದರು, ಇದು ದೊಡ್ಡ ಮಾತು. ಯಾಕೆಂದರೆ ಇಂಥ ಕಡೆಗಳಲ್ಲಿ ಊಟದ ಮೇಜಿನ ಭಾಷೆ ಇಂಗ್ಲಿಷೇ.

ನಮಗೆ ಇರುವ ನಿಜವಾದ ತೊಡಕು ಅದು. ಅರ್ಜಿಯಲ್ಲಿ ಸಾಮಾನ್ಯವಾಗಿ ಕೇಳುವುದು ಹತ್ತು ಹದಿನೈದು ಪುಟದ ಬರಹದ ಮಾದರಿ, ಏನು ಬರೆಯಲು ಬರುತ್ತೀರಿ ಅಂತ ಒಂದು ಪುಟ, ಇಬ್ಬರ ಶಿಫಾರಸು ಪತ್ರ. ಮಾದರಿ ಇಂಗ್ಲಿಷಿನಲ್ಲಿ ಇರಬೇಕು. ಅರ್ಜಿಯ ಕೊನೆಯ ವಾರದಲ್ಲಿ ಅನುವಾದಕರನ್ನು ಹುಡುಕಿದರೆ ಯಾರೂ ಸಿಗುವುದಿಲ್ಲ. ಹಾಗಾಗಿ ಈಗಲೇ ನಿಮ್ಮ ಒಂದು ಒಳ್ಳೆಯ ಕಥೆಯನ್ನು ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಅನುವಾದಕರಿಗೆ ದುಡ್ಡು ಕೊಡಿ, ಕೊಡಲಾಗದಿದ್ದರೆ ಅವರ ಯಾವುದಾದರೂ ಕೆಲಸ ಮಾಡಿಕೊಡಿ. ಆ ಒಂದು ಪುಟದ ಯೋಜನೆಯಲ್ಲಿ 'ಮಾನವೀಯ ಮೌಲ್ಯಗಳ ಶೋಧ' ಅಂತ ಬರೆಯಬೇಡಿ. ಆರಿಸುವವರು ದಿನಕ್ಕೆ ಅಂಥ ಐವತ್ತು ಶೋಧ ಓದುತ್ತಾರೆ. ಯಾವ ಊರು, ಯಾರ ಕಥೆ, ಎಷ್ಟು ಬರೆದಾಗಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ, ಅಷ್ಟು ಸಾಕು. ಅರ್ಧ ಬರೆದುಕೊಂಡು ಹೋಗಿ. ಖಾಲಿ ಹಾಳೆ ಹಿಡಿದು ಹೋದವರು ಮೊದಲ ವಾರ ಊರು ಸುತ್ತುತ್ತಾರೆ, ಎರಡನೇ ವಾರ ಅಪರಾಧಿ ಭಾವದಲ್ಲಿ ಕಳೆಯುತ್ತಾರೆ, ಮೂರನೇ ವಾರ ಪ್ರವಾಸ ಕಥನ ಶುರು ಮಾಡುತ್ತಾರೆ.

ಹೆಂಗಸರ ವಿಷಯ ಆಮೇಲೆ ಅಂದಿದ್ದೆ. ಒಂದು ತಿಂಗಳು ಮನೆ ಬಿಟ್ಟು ಹೋಗಿ ಬರೆಯುತ್ತೇನೆ ಅಂತ ಗಂಡಸು ಹೇಳಿದರೆ ಮನೆಯಲ್ಲಿ ಚೀಲ ತುಂಬಿಕೊಡುತ್ತಾರೆ. ಹೆಂಗಸು ಹೇಳಿದರೆ 'ಮಗುವಿನ ಪರೀಕ್ಷೆ ಇದೆಯಲ್ಲ' ಅನ್ನುತ್ತಾರೆ. ನನ್ನ ಗೆಳತಿಯೊಬ್ಬರಿಗೆ ಆಯ್ಕೆಯಾದ ಪತ್ರ ಬಂತು, ಅತ್ತೆಗೆ ಕಾಲು ನೋವು ಜಾಸ್ತಿಯಾಯಿತು, ಪತ್ರ ಡ್ರಾಯರಿನಲ್ಲೇ ಉಳಿಯಿತು. ಅಮೆರಿಕದ ವಿಡ್ಬಿ ದ್ವೀಪದಲ್ಲಿ ಹೆಂಗಸರಿಗೇ ಮೀಸಲಾದ ಹೆಡ್ಜ್‌ಬ್ರೂಕ್ ಅನ್ನೋ ರೆಸಿಡೆನ್ಸಿ 1988ರಿಂದ ಇದೆ. ನಮಗೆ ದ್ವೀಪ ಬೇಕಾಗಿಲ್ಲ. ತಿಂಗಳ ಬದಲು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ, ಮಗುವನ್ನೂ ಕರೆತರಬಹುದು, ನೋಡಿಕೊಳ್ಳುವವರು ಇದ್ದಾರೆ ಅನ್ನೋ ವ್ಯವಸ್ಥೆ ಆದರೆ ಎಷ್ಟೋ ಜನ ಬರುತ್ತಾರೆ. ಸಾಹಿತ್ಯ ಅಕಾಡೆಮಿಗಳು ಇದನ್ನು ಮಾಡಬಹುದು. ಒಂದು ದೊಡ್ಡ ಸಮ್ಮೇಳನದ ಪೆಂಡಾಲಿನ ಖರ್ಚೂ ಆಗುವುದಿಲ್ಲ.

ದುಡ್ಡು ಕೊಡುವವರು ವಿಷಯವನ್ನೂ ಕೊಡುತ್ತಾರೆ, ಅದನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರದ ಯುವ ಯೋಜನೆ 2021ರಲ್ಲಿ ಬಂತು. ಮೂವತ್ತರೊಳಗಿನ 75 ಲೇಖಕರು, ತಿಂಗಳಿಗೆ 50,000 ರೂಪಾಯಿ, ಆರು ತಿಂಗಳು. ಮೊದಲ ಸುತ್ತಿನ ವಿಷಯ ಸ್ವಾತಂತ್ರ್ಯ ಹೋರಾಟ. ನಿಮ್ಮ ತಲೆಯಲ್ಲಿ ಅದೇ ಇದ್ದರೆ ಬಹಳ ಒಳ್ಳೆಯದು. ಮೀನು ಮಾರುಕಟ್ಟೆಯ ಕಾದಂಬರಿ ಇದ್ದರೆ ಅಲ್ಲಿ ಜಾಗವಿಲ್ಲ. ನ್ಯೂ ಇಂಡಿಯಾ ಫೌಂಡೇಶನ್‌ನ ಅನುವಾದ ಫೆಲೋಶಿಪ್ 6 ಲಕ್ಷದ್ದು, ಆರು ತಿಂಗಳಿಗೆ, ಕನ್ನಡವೂ ಸೇರಿ ಹತ್ತು ಭಾಷೆಗಳ ಕಥೆಯೇತರ ಬರಹಕ್ಕೆ. ಅದರ ಮೊದಲ ಸುತ್ತಿನಲ್ಲೇ ಡಿ.ಆರ್. ನಾಗರಾಜರ ಅಲ್ಲಮನ ಮೇಲಿನ ಪುಸ್ತಕವನ್ನು ಅನುವಾದಿಸಲು ಎನ್.ಎಸ್. ಗುಂಡೂರ ಅವರಿಗೆ ಸಿಕ್ಕಿತು. ಕಥೆ, ಕವಿತೆಗೆ ಅದರಲ್ಲೂ ಇಲ್ಲ. ಕೊಡುವವರನ್ನು ದೂರುತ್ತಿಲ್ಲ. ಅರ್ಜಿಗಾಗಿ ವಿಷಯ ಹುಟ್ಟಿಸಿಕೊಳ್ಳಬೇಡಿ, ಅಷ್ಟೇ. ಗಥ್ರಿಯವರು ಕೇಳಿದಾಗ ಕಾರ್ನಾಡರ ಬಳಿ ಯವಕ್ರೀತ ಮೊದಲೇ ಇದ್ದ.

ಕೊನೆಗೆ ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಕೇಳಿದಳು: 'ಸರ್, ನಾನು ಸಿಂಧನೂರಿನ ಹತ್ತಿರದ ಹಳ್ಳಿ. ಅಟ್ಟನೂ ಇಲ್ಲ, ಅಯೋವಾನೂ ಇಲ್ಲ. ನನ್ನನ್ನ ಯಾರು ಕೇಳ್ತಾರೆ?'

ನಾನು ಹೇಳಿದ್ದು ಇಷ್ಟು. ನೀನು, ಇನ್ನಿಬ್ಬರು. ಮೂವರಿಗಿಂತ ಜಾಸ್ತಿಯಾದರೆ ಅದು ಸಂಘ ಆಗುತ್ತದೆ, ಪದಾಧಿಕಾರಿಗಳು ಬರುತ್ತಾರೆ. ತಿಂಗಳಿಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ, ಆ ದಿನ ಮೂವರೂ ಐದೈದು ಪುಟ ಕಳಿಸಬೇಕು. ಕಳಿಸದವರು ಉಳಿದಿಬ್ಬರ ಪುಟ ಓದುವ ಹಾಗಿಲ್ಲ. 'ಸೂಪರ್', 'ಮನಮುಟ್ಟಿತು' ಅನ್ನೋ ಮಾತು ನಿಷೇಧ. ಯಾವ ಸಾಲಿನಲ್ಲಿ ಓದುವುದು ನಿಂತಿತು, ಆ ಸಾಲಿಗೆ ಗೆರೆ ಹಾಕಿ ಕಳಿಸಿದರೆ ಸಾಕು. ನಾನೂ ಇಂಥ ಒಂದು ಗುಂಪಿನಲ್ಲಿದ್ದೇನೆ, ಮೂವರೂ ಬೇರೆ ಬೇರೆ ಊರು, ವಾಟ್ಸ್ಆ್ಯಪ್ಪಿನಲ್ಲೇ ನಡೆಯುತ್ತದೆ.

'ನಿಮ್ಮ ಗುಂಪಿಗೆ ಸೇರಬಹುದಾ ಸರ್?' ಅಂದಳು. ಇಲ್ಲ ಅಂದೆ, ಮೂವರಾಗಿದ್ದೇವೆ. ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದ ಮಾನ್ವಿಯ ಹುಡುಗ ಕೈ ಎತ್ತಿದ. ಇನ್ನೊಬ್ಬರನ್ನು ನೀವೇ ಹುಡುಕಿಕೊಳ್ಳಿ ಅಂತ ಹೇಳಿ ಮೈಕು ಕೊಟ್ಟೆ.